ತೋಟದ ಕೆಲಸದಲ್ಲಿ ಸುರಕ್ಷತೆ: ನಡವಳಿಕೆ ಮತ್ತು ಹಿಮ್ಮಾಹಿತಿ

ಕೊಳೆರೋಗದ ಔಷಧಿಯ ವಿಷಯ ಅಡಿಕೆ ಬೆಳೆಗಾರರಿಗೆ ಹೊಸದೇನೂ ಅಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿದರೆ ಶೇಕಡಾ 1ರ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಇದರ ಬಳಕೆಯನ್ನು ತೋರಿಸಿಕೊಟ್ಟರು. ದ್ರಾವಣ ಸಿದ್ಧವಾದೊಡನೆ ಹೊಳೆಯುವ ಚಾಕುವೊಂದನ್ನು ಅದರಲ್ಲಿ ಅದ್ದಿ ನೋಡುವ ಪದ್ಧತಿ ಉಂಟು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಹೆಚ್ಚಾಗಿದೆ ಎಂದು ಅರ್ಥ. ಸುಣ್ಣದ ನೀರನ್ನು ಇನ್ನಷ್ಟು ಸೇರಿಸಬೇಕು. ತಪ್ಪು ಮರಕ್ಕೆ ತಲುಪುವ ಮೊದಲೇ ಚಾಕು ಅದನ್ನು ತಿಳಿಸುತ್ತದೆ.

ಮದ್ದಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು ಅದೇ ಮದ್ದನ್ನು ಹೊತ್ತು ಮರ ಏರುವ ಕೊನೆಗಾರನ ವಿಷಯದಲ್ಲಿ ಯಾವ ಪರೀಕ್ಷೆ ಇಟ್ಟುಕೊಂಡಿದ್ದೇವೆ? ಬಹುಪಾಲು ತೋಟಗಳಲ್ಲಿ ಯಾವುದೂ ಇಲ್ಲ. ಅವನು ಬಿದ್ದ ದಿನವೇ ತಪ್ಪು ಗೊತ್ತಾಗುವುದು. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವನು ಮತ್ತೆ ಎದ್ದು ನಡೆಯುವುದೇ ಕಷ್ಟ; ಒಂದು ಸಂಸಾರದ ದುಡಿಮೆ ಒಂದೇ ಕ್ಷಣದಲ್ಲಿ ನಿಂತುಹೋಗುತ್ತದೆ. ಆದ್ದರಿಂದ ಬೀಳುವ ಮೊದಲೇ ತಿಳಿಸುವ ಒಂದು ‘ಚಾಕು’ ತೋಟದ ಕೆಲಸಕ್ಕೂ ಬೇಕು. ಅದರ ಹೆಸರೇ ಹಿಮ್ಮಾಹಿತಿ, ಎಂದರೆ ಮಾಡಿದ ಕೆಲಸ ಹೇಗಾಯಿತೆಂಬುದನ್ನು ಮಾಡಿದವನಿಗೆ ಮರಳಿ ತಿಳಿಸುವುದು.

ಅಪಾಯದ ದಾರಿಯನ್ನು ಏಕೆ ಹಿಡಿಯುತ್ತಾರೆ?

ಅಪಘಾತವಾದಾಗ ನಾವು ಸಾಮಾನ್ಯವಾಗಿ ಹೇಳುವ ಮಾತು ಎರಡು: ‘ಅವನ ಹಣೆಬರಹ’, ಇಲ್ಲವೆ ‘ಎಷ್ಟು ಹೇಳಿದರೂ ಕೇಳುವುದಿಲ್ಲ’. ಎರಡೂ ಮಾತು ವಿಚಾರಕ್ಕೆ ಬಾಗಿಲು ಹಾಕುತ್ತವೆ. ಮನುಷ್ಯನ ನಡವಳಿಕೆಯನ್ನು ಅಭ್ಯಾಸ ಮಾಡಿದವರು ಬೇರೊಂದು ಪ್ರಶ್ನೆ ಕೇಳುತ್ತಾರೆ: ಹಾಗೆ ಮಾಡಿದ್ದರಿಂದ ಆ ಗಳಿಗೆಯಲ್ಲಿ ಅವನಿಗೆ ಏನು ದೊರೆಯಿತು?

ಒಂದು ಮರದಿಂದ ಇಳಿದು ಇನ್ನೊಂದನ್ನು ಏರುವ ಬದಲು, ಮೇಲಿನಿಂದಲೇ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವುದನ್ನು ತೆಗೆದುಕೊಳ್ಳಿ. ದಾಟಿದರೆ ಶ್ರಮ ಉಳಿಯುತ್ತದೆ, ಹೊತ್ತು ಉಳಿಯುತ್ತದೆ. ಮರದ ಲೆಕ್ಕದಲ್ಲಿ ಕೂಲಿ ಇದ್ದರೆ ಸಂಜೆಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ. ಈ ಲಾಭಗಳು ಆ ದಿನವೇ, ಪ್ರತಿ ಸಲವೂ ಕೈಗೆ ಸಿಗುತ್ತವೆ. ಬೀಳುವ ಅಪಾಯವಾದರೋ ಎಂದೋ ಒಮ್ಮೆ ಬರುವಂಥದು. ನೂರು ಸಲ ದಾಟಿ ನೂರು ಸಲವೂ ಏನೂ ಆಗದಿದ್ದವನಿಗೆ ‘ಇದರಲ್ಲಿ ಅಪಾಯವಿಲ್ಲ’ ಎಂಬ ಪಾಠವನ್ನು ಆ ನೂರು ಸಲಗಳೇ ಕಲಿಸಿರುತ್ತವೆ. ನಾವು ಬಾಯಲ್ಲಿ ಹೇಳಿದ ಒಂದು ಎಚ್ಚರಿಕೆ ಅದರ ಮುಂದೆ ನಿಲ್ಲುವುದಿಲ್ಲ.

ಸುರಕ್ಷತಾ ಬೆಲ್ಟಿನ ಕಥೆ ಇದಕ್ಕೆ ತಿರುಗುಮುರುಗು. ಅದನ್ನು ಕಟ್ಟಿಕೊಂಡರೆ ಸೆಕೆ, ತೊಡಕು, ತಡ. ಜೊತೆಯವರ ನಗೆಚಾಟಿಕೆ ಬೇರೆ. ತೊಂದರೆಗಳು ಈಗಲೇ ಬರುತ್ತವೆ. ಪ್ರಯೋಜನ ಕಣ್ಣಿಗೆ ಕಾಣುವುದೇ ಇಲ್ಲ. ಬೆಲ್ಟ್ ಮೂಲೆ ಸೇರಿದರೆ ಆಶ್ಚರ್ಯವೇನು?

ಇದರಲ್ಲಿ ಮಾಲೀಕನ ಪಾಲೂ ಇದೆ. ಮಳೆ ನಿಂತ ಅರ್ಧ ಗಂಟೆಗೇ, ಪಾಚಿ ಕಟ್ಟಿದ ಮರ ಆರುವ ಮೊದಲೇ, ‘ಏನು, ಇನ್ನೂ ಶುರು ಮಾಡಲಿಲ್ಲವೆ?’ ಎಂದು ಕೇಳಿದರೆ ಕೆಲಸಗಾರನಿಗೆ ತಲುಪುವ ಸಂದೇಶ ಒಂದೇ. ಬೆಳಿಗ್ಗೆ ‘ಜೋಪಾನ’ ಎಂದು ಹೇಳಿ, ಸಂಜೆ ಎಷ್ಟು ಮರವಾಯಿತೆಂದು ಮಾತ್ರ ವಿಚಾರಿಸುವ ಯಜಮಾನನ ಯಾವ ಮಾತನ್ನು ಅವನು ನಂಬಬೇಕು? ಯಜಮಾನ ಏನನ್ನು ಎಣಿಸುತ್ತಾನೋ ಅದನ್ನೇ ಕೆಲಸಗಾರ ಮುಖ್ಯವೆಂದು ತಿಳಿಯುತ್ತಾನೆ.

ಒಂದು ಬೇಕರಿಯ ಪಾಠ

ಈ ವಿಷಯದಲ್ಲಿ ಬಹಳ ಉಪಯುಕ್ತವಾದ ಪ್ರಯೋಗವೊಂದನ್ನು ಜೂಡಿ ಕೊಮಾಕಿ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಇಬ್ಬರು ಸಂಗಡಿಗರು ಅಮೆರಿಕದಲ್ಲಿ ನಡೆಸಿ 1978ರಲ್ಲಿ ಪ್ರಕಟಿಸಿದರು. ಸ್ಥಳ ಆಹಾರ ತಯಾರಿಸುವ ಕಾರ್ಖಾನೆ, ದೊಡ್ಡ ಬೇಕರಿ. ಎರಡು ವಿಭಾಗಗಳಲ್ಲಿ ಯಾವ ಯಾವ ಕೆಲಸವನ್ನು ಹೇಗೆ ಮಾಡಿದರೆ ಕ್ಷೇಮ ಎಂಬುದನ್ನು ಮೊದಲು ಸ್ಪಷ್ಟವಾಗಿ ಬರೆದುಕೊಂಡರು. ನೋಡಿ ಗುರುತು ಹಾಕಿದಾಗ ಒಂದು ವಿಭಾಗದಲ್ಲಿ ಶೇಕಡಾ 70, ಇನ್ನೊಂದರಲ್ಲಿ ಶೇಕಡಾ 78ರಷ್ಟು ಕೆಲಸ ಮಾತ್ರ ಸುರಕ್ಷಿತ ರೀತಿಯಲ್ಲಿ ನಡೆಯುತ್ತಿತ್ತು.

ಆಮೇಲೆ ಸರಿ ಯಾವುದು, ತಪ್ಪು ಯಾವುದು ಎಂಬುದನ್ನು ಚಿತ್ರಗಳಲ್ಲಿ ತೋರಿಸಿದರು. ಪ್ರತಿ ಸಲದ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ನಕ್ಷೆಯಾಗಿ ಹಾಕಿದರು. ಸರಿಯಾಗಿ ಮಾಡಿದವರಿಗೆ ಮೇಲ್ವಿಚಾರಕರು ಅಲ್ಲಿಯೇ ಮೆಚ್ಚುಗೆಯ ಮಾತು ಹೇಳಿದರು. ದಂಡವಿಲ್ಲ, ಗದರಿಕೆಯಿಲ್ಲ. ಪ್ರಮಾಣ ಶೇಕಡಾ 96 ಮತ್ತು 99ಕ್ಕೆ ಏರಿತು.

ಇಷ್ಟಕ್ಕೇ ಮುಗಿಯಲಿಲ್ಲ. ಲೆಕ್ಕ ತೋರಿಸುವುದನ್ನು ನಿಲ್ಲಿಸಿ ನೋಡಿದಾಗ ಅದು ಪುನಃ ಶೇಕಡಾ 71 ಮತ್ತು 72ಕ್ಕೆ ಇಳಿಯಿತು. ಸುರಕ್ಷತೆಯ ವಿಷಯ ಆ ಕೆಲಸಗಾರರಿಗೆ ಆಗಲೇ ತಿಳಿದಿತ್ತು. ಒಮ್ಮೆ ತಿಳಿದದ್ದು ಮರೆತುಹೋಗಿರಲಿಲ್ಲ. ಆದರೆ ಹೇಳುವವರು ಇಲ್ಲವಾದಾಗ ನಡವಳಿಕೆ ಹಳೆಯ ಜಾಡಿಗೆ ಬಿತ್ತು. ವರ್ಷಕ್ಕೊಂದು ಸಲ ತರಬೇತಿ ಶಿಬಿರ ನಡೆಸಿ ಕೈತೊಳೆದುಕೊಂಡರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೆಳಗಿನಿಂದ ಮೇಲಕ್ಕೆ ಬರುವ ಮಾತು

ಹಿಮ್ಮಾಹಿತಿ ಎಂದರೆ ಯಜಮಾನ ಹೇಳುವುದು, ಕೆಲಸಗಾರ ಕೇಳುವುದು ಎಂದಷ್ಟೇ ಅಲ್ಲ. ಯಾವ ಮರದ ಕಾಂಡ ಪೊಳ್ಳಾಗಿದೆ, ಯಾವ ಹಗ್ಗ ಸವೆದಿದೆ, ಏಣಿಯ ಯಾವ ಮೆಟ್ಟಿಲು ಸಡಿಲ ಎಂಬುದು ಮೊದಲು ಗೊತ್ತಾಗುವುದು ಮರದ ಮೇಲೆ ಇರುವವನಿಗೆ. ಅವನು ಅದನ್ನು ಹೇಳಿದಾಗ ಏನಾಗುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ‘ಕೆಲಸ ತಪ್ಪಿಸಿಕೊಳ್ಳಲು ನೆಪ’ ಎಂದು ಒಮ್ಮೆ ಅಂದರೆ ಎರಡನೆಯ ಸಲ ಅವನು ಬಾಯಿ ಬಿಡುವುದಿಲ್ಲ.

ಕಾಫಿ ತೋಟದ ಉದಾಹರಣೆ ನೋಡೋಣ. ಮರಗಸಿಗೂ ಮೆಣಸು ಕೊಯ್ಲಿಗೂ ಅಲ್ಯೂಮಿನಿಯಂ ಏಣಿ ಬಳಸುವಾಗ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ತಾಗಿ ಕೆಲಸಗಾರರು ಪ್ರಾಣ ಕಳೆದುಕೊಂಡ ಪ್ರಕರಣಗಳು ಕೊಡಗು, ಚಿಕ್ಕಮಗಳೂರು ಕಡೆ ಮತ್ತೆ ಮತ್ತೆ ನಡೆದಿವೆ. ಅಡಿಕೆ ಕೊಯ್ಲಿಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ತನ್ನು ಹರಿಯಬಿಡುವ ವಸ್ತುವೇ; ಹಗುರವೆಂದು ಮೈಮರೆಯಬಾರದು. ಏಣಿಯ ತುದಿ ತಂತಿಯ ಹತ್ತಿರ ಹೋಗಿ ಹೇಗೋ ತಪ್ಪಿತೆನ್ನಿ. ‘ಸದ್ಯ, ಬದುಕಿದೆವು’ ಎಂದು ಸುಮ್ಮನಾದರೆ ಒಂದು ಪಾಠ ವ್ಯರ್ಥವಾಯಿತು. ಕೂದಲೆಳೆಯಲ್ಲಿ ತಪ್ಪಿದ ಅವಘಡವು ಪ್ರಾಣದ ಬೆಲೆ ಕೊಡದೆ ಸಿಕ್ಕ ಮುನ್ಸೂಚನೆ. ಅದನ್ನು ಬಂದು ಹೇಳಿದವನನ್ನು ಬೈಯದೆ, ಆ ಸಾಲಿನ ಕೆಲಸ ನಿಲ್ಲಿಸಿ, ಲೈನ್ ಆಫ್ ಮಾಡಿಸಿದ ಮೇಲೆಯೇ ಮುಂದುವರಿಯಬೇಕು.

ಕೊಯ್ಲಿನ ಕಾಲಕ್ಕೆ ಹೊರಗಿನಿಂದ ಬರುವವರ ವಿಷಯದಲ್ಲಿ ಇನ್ನೂ ಹೆಚ್ಚಿನ ಗಮನ ಬೇಕು. ಅಥಣಿ ತಾಲ್ಲೂಕಿನ ಕೊಕಟನೂರಿನಂಥ ಬಯಲುಸೀಮೆಯ ಊರಿನವನೊಬ್ಬ ನಮ್ಮ ತೋಟಕ್ಕೆ ಬಂದನೆಂದು ಭಾವಿಸಿ. ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಕಬ್ಬಿನ ಹೊಲದಲ್ಲಿ ಪಳಗಿದ ಕೈ ಅವನದು; ಕಬ್ಬು ಕಡಿಯುವುದನ್ನು ನಾವು ಅವನಿಂದ ಕಲಿಯಬೇಕು. ಆದರೆ ಜಾರುವ ಇಳಿಜಾರು, ಸಿಲ್ವರ್ ಮರಕ್ಕೆ ಒರಗಿಸಿದ ಉದ್ದದ ಏಣಿ ಅವನಿಗೆ ಹೊಸದು. ‘ತಿಳೀತೇನಪ್ಪಾ?’ ಎಂದರೆ ‘ಹೌದ್ರಿ’ ಎನ್ನುತ್ತಾನೆ. ಆ ‘ಹೌದ್ರಿ’ ಮರ್ಯಾದೆಯ ಮಾತು, ತಿಳಿದುದಕ್ಕೆ ಸಾಕ್ಷಿಯಲ್ಲ. ‘ಏಣಿ ಹ್ಯಾಂಗ ನಿಲ್ಲಸ್ತೀ, ಒಂದ್ಸಲ ಮಾಡಿ ತೋರಸು’ ಎಂದು ಅವನ ಮಾತಿನಲ್ಲೇ ಕೇಳಿ, ಮಾಡಿಸಿ ನೋಡುವುದೇ ಸರಿಯಾದ ಪರೀಕ್ಷೆ. ಕನ್ನಡ ಬಾರದ ರಾಜ್ಯಗಳಿಂದ ಬಂದವರಿಗಂತೂ ಮಾಡಿ ತೋರಿಸುವುದೊಂದೇ ದಾರಿ.

ಪಡ್ರೆ ಕಲಿಸಿದ್ದು

ಕೆಳಗಿನಿಂದ ಬಂದ ಮಾತನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಕನ್ನಡಿಗರಿರುವ, ಅಡಿಕೆ ಬೆಳೆಯುವ ಊರು. ಸುತ್ತಲಿನ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಈ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕರುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದುದನ್ನು ಊರವರು 1980ರ ಆಸುಪಾಸಿನಲ್ಲೇ ಗಮನಿಸಿದ್ದರು. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಅದನ್ನು ಬರೆದರು. ಮುಂದೆ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳತ್ತ ಗಮನ ಸೆಳೆದರು. ಆದರೂ ಸಿಂಪಡಣೆ ಇಪ್ಪತ್ತು ವರ್ಷಕ್ಕೂ ಮೀರಿ ನಡೆಯಿತು. ದೇಶಕ್ಕೆಲ್ಲ ಅನ್ವಯಿಸುವಂತೆ ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನ್ ನಿಷೇಧಿಸಿದ್ದು 2011ರ ಮೇ ತಿಂಗಳಲ್ಲಿ.

ಮೊದಲ ಸುಳಿವು ಬಂದಾಗಲೇ ನಿಲ್ಲಿಸಿ ಪರೀಕ್ಷಿಸಿದ್ದರೆ ಎಷ್ಟೋ ಮನೆಗಳ ಗೋಳು ತಪ್ಪುತ್ತಿತ್ತೇನೋ. ಸಣ್ಣ ಹಿಡುವಳಿದಾರರಾದ ನಮ್ಮ ಕೈಯಲ್ಲಿ ಹೆಲಿಕಾಪ್ಟರು ಇಲ್ಲ. ಬೆನ್ನಿಗೆ ಕಟ್ಟುವ ಸಿಂಪರಣಾ ಯಂತ್ರವಿದೆ. ಅದನ್ನು ಹೊತ್ತವನು ‘ತಲೆ ತಿರುಗುತ್ತಿದೆ, ಕಣ್ಣು ಉರಿಯುತ್ತಿದೆ’ ಎಂದರೆ ಅದೂ ಅದೇ ಬಗೆಯ ಸುಳಿವು. ಕೂಡಲೇ ಕೆಲಸ ನಿಲ್ಲಿಸಬೇಕು, ಬಟ್ಟೆ ಬದಲಿಸಿ ಮೈ ತೊಳೆಸಬೇಕು, ಔಷಧಿಯ ಡಬ್ಬಿಯ ಚೀಟಿ ಸಮೇತ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ನಮ್ಮ ತೋಟದಲ್ಲಿ ಮಾಡಬಹುದಾದುದು

ನಾಲ್ಕು ಜನ ಕೆಲಸ ಮಾಡುವ ತೋಟಕ್ಕೆ ದೊಡ್ಡ ಏರ್ಪಾಡು ಬೇಡ. ಕೆಳಗಿನ ಕ್ರಮ ಸಾಕು.

1. ಮೊದಲು ಸಲಕರಣೆ ಸರಿಪಡಿಸಿ. ಸವೆದ ಹಗ್ಗ ಕೊಟ್ಟು ಜಾಗ್ರತೆಯ ಉಪದೇಶ ಮಾಡುವುದು ಅನ್ಯಾಯ. ದೋಟಿಯಿಂದ ನೆಲದಲ್ಲೇ ನಿಂತು ಆಗುವ ಕೆಲಸಕ್ಕೆ ಯಾರನ್ನೂ ಮರ ಹತ್ತಿಸಬೇಡಿ. ಬಂಟ್ವಾಳ ತಾಲ್ಲೂಕು ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಸಿದ್ಧಪಡಿಸಿದ ಮರ ಏರುವ ಬೈಕಿನಂಥ ಸಾಧನಗಳೂ ಈಗ ಇವೆ.

2. ಕೆಲಸಗಾರರ ಜೊತೆ ಕೂತು ಐದು ಅಂಶಗಳ ಪಟ್ಟಿ ಮಾಡಿ. ಉದಾಹರಣೆಗೆ: ಬೆಲ್ಟ್ ಕಟ್ಟಿದೆಯೇ, ಮರ ಆರಿದೆಯೇ, ಮರದಿಂದ ಮರಕ್ಕೆ ದಾಟದೆ ಇಳಿದು ಏರುತ್ತಿದ್ದಾರೆಯೇ, ಏಣಿ, ದೋಟಿ ತಂತಿಯಿಂದ ದೂರವಿದೆಯೇ, ಸುಣ್ಣ ಅರಳಿಸುವಾಗ, ಮೈಲುತುತ್ತು ಬೆರೆಸುವಾಗ ಕಣ್ಣಿಗೆ ಕನ್ನಡಕವಿದೆಯೇ. ‘ಜಾಗ್ರತೆಯಿಂದಿರಬೇಕು’ ಎಂಬಂಥ ಮಾತು ಪಟ್ಟಿಯಲ್ಲಿ ಬೇಡ. ಕಣ್ಣಿಂದ ನೋಡಿ ಹೌದು, ಅಲ್ಲ ಎನ್ನುವಂತಿರಬೇಕು.

3. ದಿನಕ್ಕೆ ಎರಡು ಸಲ ನೋಡಿ ಗುರುತು ಹಾಕಿ. ಐದು ಅಂಶಕ್ಕೆ ಹತ್ತು ಗುರುತು. ಹತ್ತಕ್ಕೆ ಏಳು ಸರಿಯಿದ್ದರೆ ಏಳು ಎಂದು ಕಣಜದ ಗೋಡೆಯ ಮೇಲೆ ಬರೆಯಿರಿ. ಯಾರೊಬ್ಬರ ಹೆಸರೂ ಬೇಡ. ಲೆಕ್ಕ ಇಡೀ ಗುಂಪಿನದು. ಈ ಲೆಕ್ಕದ ಮೇಲೆ ಕೂಲಿ ಮುರಿಯಬಾರದು. ಮುರಿದರೆ ತಪ್ಪು ಕಡಿಮೆಯಾಗುವುದಿಲ್ಲ, ಮುಚ್ಚಿಡುವುದು ಹೆಚ್ಚಾಗುತ್ತದೆ.

4. ಸರಿಯಾಗಿ ಮಾಡಿದುದನ್ನು ಕಂಡಾಗ ಅಲ್ಲಿಯೇ ಹೇಳಿ. ‘ಇಳಿದು ಏರಿದೆಯಲ್ಲ, ಒಳ್ಳೆಯದಾಯಿತು’ ಎಂಬ ಒಂದು ಮಾತಿಗೆ ಖರ್ಚಿಲ್ಲ. ತಪ್ಪನ್ನು ನಾಲ್ವರ ಎದುರಿಗೆ ಆಡಿ ತೋರಿಸದೆ, ಪಕ್ಕಕ್ಕೆ ಕರೆದು ತಿಳಿಸಿ.

5. ಮರದ ಲೆಕ್ಕದ ಕೂಲಿಯನ್ನು ಮಳೆಗಾಲದ ಮದ್ದಿನ ಕೆಲಸಕ್ಕಾದರೂ ದಿನದ ಲೆಕ್ಕಕ್ಕೆ ಬದಲಿಸಬಹುದೇ ಎಂದು ಯೋಚಿಸಿ. ಅವಸರಕ್ಕೆ ಹಣ ಕೊಟ್ಟು ನಿಧಾನವನ್ನು ಬೇಡುವುದು ಸಾಧ್ಯವಿಲ್ಲ.

6. ಶನಿವಾರದ ಬಟವಾಡೆಯ ಹೊತ್ತಿಗೆ ಒಂದು ಪ್ರಶ್ನೆ ಕೇಳಿ: ‘ಈ ವಾರ ಎಲ್ಲಿ ಹೆದರಿಕೆಯಾಯಿತು?’ ಉತ್ತರವನ್ನು ಬರೆದಿಟ್ಟು, ಮುಂದಿನ ಶನಿವಾರದೊಳಗೆ ಏನು ಸರಿಪಡಿಸಿದಿರೆಂದು ಅವರಿಗೆ ಹೇಳಿ. ಹೇಳಿದುದರಿಂದ ಫಲ ಸಿಕ್ಕಿತೆಂದು ಕಂಡರೆ ಮಾತ್ರ ಜನ ಮತ್ತೆ ಹೇಳುತ್ತಾರೆ.

ನಮ್ಮಲ್ಲಿ ಅನೇಕರು ಸ್ವತಃ ಮದ್ದು ಬಿಡುವವರು, ಏಣಿ ಹತ್ತುವವರು. ಯಜಮಾನನೇ ಕನ್ನಡಕವಿಲ್ಲದೆ ಸುಣ್ಣ ಅರಳಿಸಿದರೆ ಗೋಡೆಯ ಮೇಲಿನ ಲೆಕ್ಕವನ್ನು ಯಾರೂ ನಂಬುವುದಿಲ್ಲ. ನಿಮ್ಮ ಗುರುತನ್ನು ಹಾಕುವ ಕೆಲಸವನ್ನು ಮನೆಯವರಿಗೋ ಕೆಲಸಗಾರರಿಗೋ ವಹಿಸಿ. ಮೊದಲ ವಾರದ ಅಂಕ ಕಡಿಮೆ ಬಂದೀತು, ಬೇಸರ ಪಡಬೇಡಿ. ಹಾಗೆಂದು ಅಂಕ ಹತ್ತಕ್ಕೆ ಹತ್ತು ಮುಟ್ಟಿದ ಮೇಲೂ ನೋಡುವುದನ್ನು ನಿಲ್ಲಿಸಬೇಡಿ. ಬೇಕರಿಯಲ್ಲಿ ಹಿಂದಕ್ಕೆ ಜಾರಿದ್ದು ಆಗಲೇ. ಮುಂದಿನ ಮದ್ದಿನ ಕೆಲಸಕ್ಕೆ ಮೈಲುತುತ್ತು ತರುವ ದಿನವೇ ಒಂದು ಹಾಳೆಯಲ್ಲಿ ಐದು ಅಂಶ ಬರೆದಿಟ್ಟುಕೊಳ್ಳಿ.