ಮೊದಲು ಮೀಟರ್, ಆಮೇಲೆ ಪರ್ಸು

ಕಾರಿನ ಕೆಲಸವನ್ನು ಮನೆಯಲ್ಲೇ ಮಾಡಿಕೊಂಡರೆ ದುಡ್ಡು ಉಳಿಯುತ್ತದೆ ಎನ್ನುವುದು ಅಮೆರಿಕದಲ್ಲಿರುವ ನಮ್ಮ ಮಕ್ಕಳ ಲೆಕ್ಕ. ಅಲ್ಲಿ ಗ್ಯಾರೇಜಿನವರು ಒಂದು ಗಂಟೆಯ ಕೆಲಸಕ್ಕೆ ನೂರು ಡಾಲರ್‌ಗಿಂತ ಹೆಚ್ಚು ಕೇಳುತ್ತಾರೆ. ನಾನಿರುವ ಕೋಲ್ಕತ್ತದ ಬಾಲಿಗಂಜ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಫೋನ್ ಮಾಡಿದರೆ ಮಿಸ್ತ್ರಿ ಮನೆ ಬಾಗಿಲಿಗೇ ಬರುತ್ತಾನೆ, ಸಣ್ಣ ಕೆಲಸಕ್ಕೆ ಐನೂರು ಆರುನೂರು ರೂಪಾಯಿ ಇಸಿದುಕೊಂಡು ಹೋಗುತ್ತಾನೆ. ಹಾಗಿದ್ದೂ ನನ್ನ 2008ರ ಇಂಡಿಕಾ ಡೀಸೆಲ್ ಕಾರಿನ ಹೀಟರ್ ಪ್ಲಗ್‌ಗಳನ್ನು ನಾನೇ ಬಿಚ್ಚಿ ಹೊಸದು ಹಾಕಿದೆ. ಲಾಭವಾಯಿತು, ಆದರೆ ಕೂಲಿಯಲ್ಲಲ್ಲ. ಎಲ್ಲಿ ಆಯಿತು ಎನ್ನುವುದನ್ನು ಹೇಳುವುದಕ್ಕೇ ಈ ವಾರದ ಅಂಕಣ.

ಬ್ಯಾಂಕ್ ವರ್ಗಾವಣೆಯ ಮೇಲೆ ಈ ಊರಿಗೆ ಬಂದು, ನಿವೃತ್ತಿಯ ನಂತರವೂ ಇಲ್ಲೇ ಉಳಿದವನು ನಾನು. ಕಾಫಿಪುಡಿ, ಬಾಳೆಎಲೆ ಬೇಕೆಂದರೆ ಲೇಕ್ ಮಾರ್ಕೆಟ್ಟಿಗೆ ಹೋಗಲು, ವಾರಕ್ಕೊಮ್ಮೆ ನೆಂಟರ ಮನೆಗೆ ಹೋಗಿಬರಲು ಈ ಕಾರು ಸಾಕು. ಡಿಸೆಂಬರ್ ಕೊನೆಯಿಂದ ಅದು ಬೆಳಿಗ್ಗೆ ಹಟ ಹಿಡಿಯತೊಡಗಿತು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಜೋರಾಗಿಯೇ ತಿರುಗುತ್ತಿತ್ತು, ಎಂಜಿನ್ ಮಾತ್ರ ಹಿಡಿಯುತ್ತಿರಲಿಲ್ಲ. ಕೊನೆಗೆ ಹಿಡಿದರೂ ಒಂದು ನಿಮಿಷ ಮೈಯೆಲ್ಲ ನಡುಗಿಸಿ ಬಿಳಿ ಹೊಗೆ ಉಗುಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದೇ ಸಲಕ್ಕೆ ಸ್ಟಾರ್ಟ್. ಮಿಸ್ತ್ರಿ ಬಂದು ನೋಡಿ, "ದಾದಾ, ಬ್ಯಾಟರಿ ಮುಗಿದಿದೆ. ಸ್ಟಾರ್ಟರ್ ಬಿಚ್ಚಿ ಸರ್ವಿಸ್ ಮಾಡೋಣ, ಇಂಜೆಕ್ಟರ್‌ಗಳನ್ನೂ ತೊಳೆಸಿಬಿಡೋಣ" ಎಂದ. ಎಲ್ಲ ಸೇರಿ ಸುಮಾರು 14,000 ರೂಪಾಯಿ ಅಂದಾಜು. ಮಾರಲು ಹೊರಟರೆ ಈ ಕಾರಿಗೆ 40,000 ಬರುವುದೇ ಕಷ್ಟ.

ದೊಡ್ಡ ಮೊತ್ತ ಕೇಳಿದಾಗ ಬ್ಯಾಂಕಿನಲ್ಲಿ ನಾವು ಮಾಡುತ್ತಿದ್ದುದು ಒಂದೇ: ದಾಖಲೆ ತೋರಿಸಿ ಎನ್ನುವುದು. ಇಲ್ಲಿ ದಾಖಲೆ ಎಂದರೆ ಮೀಟರಿನ ಅಂಕಿ.

ಬ್ಯಾಟರಿ ಅಪರಾಧಿಯೋ, ಸಾಕ್ಷಿಯೋ?

ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಗಾಡಿಯಂತೆ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಇಪ್ಪತ್ತು ಪಟ್ಟಿನ ಆಸುಪಾಸು ಒತ್ತಿದಾಗ ಏರುವ ಕಾವಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಳೆಯ ಇಂಡಿಕಾದಂಥ ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳದೆ, ಪಕ್ಕದ ಒಂದು ಪುಟ್ಟ ಕೋಣೆಗೆ ಬೀಳುತ್ತದೆ. ಚಳಿಗೆ ತಣ್ಣಗಾದ ಆ ಕೋಣೆಯ ಗೋಡೆ ಕಾವನ್ನೆಲ್ಲ ಹೀರಿಕೊಂಡರೆ ಎಂಜಿನ್ ಹಿಡಿಯುವುದಿಲ್ಲ. ಅದಕ್ಕಾಗಿ ಆ ಕೋಣೆಯೊಳಗೆ ಪೆನ್ಸಿಲ್ ಗಾತ್ರದ ಒಂದು ಕಡ್ಡಿ. ಕೀಲಿ ತಿರುಗಿಸಿದ ಕೆಲವು ಸೆಕೆಂಡಿನಲ್ಲಿ ಅದು ಕೆಂಪಗೆ ಕಾಯುತ್ತದೆ. ಅದೇ ಗ್ಲೋ ಪ್ಲಗ್, ಮಿಸ್ತ್ರಿಗಳ ಬಾಯಲ್ಲಿ ಹೀಟರ್ ಪ್ಲಗ್. 2014ರ ಮೇ ತಿಂಗಳವರೆಗೆ ಇಲ್ಲೇ ಪಕ್ಕದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್‌ನ ಹಳೆಯ ಡೀಸೆಲ್ ಎಂಜಿನ್ನಿನದೂ ಇದೇ ಬಗೆ.

ಕೋಲ್ಕತ್ತದಲ್ಲಿ ಜನವರಿಯ ಬೆಳಗಿನ ಉಷ್ಣಾಂಶ ಸರಾಸರಿ 14 ಡಿಗ್ರಿ. ಬೆಂಗಳೂರಿನದೂ ಹೆಚ್ಚು ಕಡಿಮೆ ಅಷ್ಟೇ. ಈ ಮಟ್ಟದ ಚಳಿಯಲ್ಲೊಂದು ತಮಾಷೆ ಇದೆ: ನಾಲ್ಕರಲ್ಲಿ ಒಂದು ಪ್ಲಗ್ ಸತ್ತರೆ ಗೊತ್ತೇ ಆಗುವುದಿಲ್ಲ, ಎರಡು ಸತ್ತರೆ ಚಳಿಗಾಲದ ಕೆಲವು ವಾರ ಮಾತ್ರ ಗೊತ್ತಾಗುತ್ತದೆ. ಉಳಿದ ಹತ್ತು ತಿಂಗಳು ದೋಷ ಒಳಗೇ ಕೂತಿರುತ್ತದೆ. ಈ ನಡುವೆ ಮಾಲೀಕ ಪ್ರತಿ ಬೆಳಿಗ್ಗೆ ಹೆಚ್ಚು ಹೊತ್ತು ಸ್ಟಾರ್ಟರ್ ತಿರುಗಿಸುತ್ತಾನೆ. ಸ್ಟಾರ್ಟರ್ ಎಳೆಯುವ ಕರೆಂಟ್ ನೂರು ಆಂಪಿಯರ್‌ಗಿಂತ ಹೆಚ್ಚು, ಬ್ಯಾಟರಿ ಸೋಲುವುದು ಸಹಜ. ಹೊಸ ಬ್ಯಾಟರಿ ಹಾಕಿದರೆ ಒಂದೆರಡು ವಾರ ಸರಿಹೋದಂತೆ ಕಾಣುತ್ತದೆ. ಅಷ್ಟರಲ್ಲಿ ಸಂಕ್ರಾಂತಿ ಕಳೆದು ಬಿಸಿಲು ಬಲಿಯುತ್ತದೆ, ಮಿಸ್ತ್ರಿ ಹೇಳಿದ್ದೇ ನಿಜವಾಯಿತು ಎಂದು ಎಲ್ಲರೂ ನಂಬುತ್ತಾರೆ. ಮುಂದಿನ ಪುಷ್ಯ ಮಾಸಕ್ಕೆ ಮತ್ತೆ ಅದೇ ಕಥೆ, ಇನ್ನೊಂದು ಬಿಲ್ಲು.

ಕಿವಿಗೊಟ್ಟು ಕೇಳಿದರೆ ಅರ್ಧ ರೋಗ ಪುಕ್ಕಟೆಯಾಗಿ ಗೊತ್ತಾಗುತ್ತದೆ. ಸ್ಟಾರ್ಟರ್ ನಿಧಾನವಾಗಿ ನರಳುತ್ತಾ ತಿರುಗಿದರೆ ಬ್ಯಾಟರಿ ಅಥವಾ ಅದರ ತಂತಿಯ ಕಡೆ ನೋಡಿ. ಚುರುಕಾಗಿ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ, ಅದೂ ತಣ್ಣಗಿದ್ದಾಗ ಮಾತ್ರವಾದರೆ, ಹೀಟರ್ ಪ್ಲಗ್ ಕಡೆ ನೋಡಿ. ಬಿಸಿಯಿದ್ದಾಗಲೂ ತೊಂದರೆ ಕೊಟ್ಟರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರಬಹುದು, ಎಂಜಿನ್ನಿನ ಕಂಪ್ರೆಶನ್ ಇಳಿದಿರಬಹುದು. ಆ ಎರಡೂ ಮನೆಯಲ್ಲಿ ಮಾಡುವ ಕೆಲಸವಲ್ಲ. ಡ್ಯಾಶ್‌ಬೋರ್ಡಿನ ಸುರುಳಿ ದೀಪ ಹತ್ತಿ ಆರಿತು, ಹಾಗಾಗಿ ಪ್ಲಗ್ ಸರಿಯಿದೆ ಎಂದುಕೊಳ್ಳಬೇಡಿ. ಹಳೆಯ ಗಾಡಿಗಳಲ್ಲಿ ಅದು ಟೈಮರ್ ಲೆಕ್ಕಕ್ಕೆ ಆರುವ ದೀಪ, ಪ್ಲಗ್ ಕಾದಿದೆಯೋ ಇಲ್ಲವೋ ಅದಕ್ಕೆ ತಿಳಿಯದು.

450 ರೂಪಾಯಿಯ ತಪಾಸಣೆ

ನಾನು ಮಾಡಿದ ಮೊದಲ ಖರ್ಚು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ನಾಲ್ಕೂ ಪ್ಲಗ್‌ಗಳ ತಲೆಯನ್ನು ಜೋಡಿಸುವ ಪಟ್ಟಿ ಬಿಚ್ಚಿದೆ. ಪಟ್ಟಿ ಬಿಚ್ಚದೆ ಅಳೆದರೆ ಸತ್ತ ಪ್ಲಗ್ ಪಕ್ಕದ ಜೀವಂತ ಪ್ಲಗ್‌ನ ಅಂಕಿಯನ್ನೇ ತೋರಿಸಿ ಮೋಸ ಮಾಡುತ್ತದೆ. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಪ್ಲಗ್‌ನ ತಲೆಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಮುಟ್ಟಿಸಿದೆ. ಸರಿಯಿರುವ ಪ್ಲಗ್ ಒಂದು ಓಮ್‌ನ ಆಸುಪಾಸು ತೋರಿಸಬೇಕು. ಎರಡು ಹಾಗೆ ತೋರಿಸಿದವು. ಇನ್ನೆರಡರಲ್ಲಿ ಅಂಕಿಯೇ ಬರಲಿಲ್ಲ, ಅಂದರೆ ಒಳಗಿನ ತಂತಿ ಸುಟ್ಟು ತುಂಡಾಗಿತ್ತು. ಬಳಿಕ ಬ್ಯಾಟರಿ ತಂತಿ ಮತ್ತೆ ಜೋಡಿಸಿ, ಕೀಲಿ ಹಾಕಿದಾಗ ಪಟ್ಟಿಯ ತನಕ 12 ವೋಲ್ಟ್ ಬರುತ್ತಿದೆಯೇ ಎಂದೂ ನೋಡಿದೆ. ಬರುತ್ತಿತ್ತು, ಹಾಗಾಗಿ ರಿಲೇ, ಫ್ಯೂಸ್ ಎರಡೂ ಪಾಸ್. 14,000ದ ಅಂದಾಜಿನಲ್ಲಿ ಹೀಟರ್ ಪ್ಲಗ್‌ನ ಹೆಸರೇ ಇರಲಿಲ್ಲ!

ಎರಡೇ ಹೋಗಿದ್ದರೂ ನಾಲ್ಕನ್ನೂ ಬದಲಿಸುವುದು ಲೆಕ್ಕಕ್ಕೆ ಸರಿ. ಒಂದೇ ವಯಸ್ಸಿನವು, ಉಳಿದೆರಡೂ ಹೆಚ್ಚು ದಿನ ಬಾಳುವುದಿಲ್ಲ. ಕೊಳ್ಳುವಾಗ ಮಾತ್ರ ಜಿಪುಣತನ ಬೇಡ. ಮಲ್ಲಿಕ್ ಬಜಾರ್‌ನಲ್ಲಿ ಹಳೆ ಗಾಡಿ ಬಿಚ್ಚಿದ ಸಾಮಾನು ಅಗ್ಗಕ್ಕೆ ಸಿಗುತ್ತದೆ. ಕನ್ನಡಿ, ಬಾಗಿಲ ಹಿಡಿಕೆಗೆ ನಾನೂ ಅಲ್ಲಿಗೇ ಹೋಗುತ್ತೇನೆ. ಹೀಟರ್ ಪ್ಲಗ್ ಅಲ್ಲಿ ಕೊಳ್ಳುವ ಸಾಮಾನಲ್ಲ. ಕಳಪೆ ಪ್ಲಗ್‌ನ ತುದಿ ಕಾದು ಊದಿಕೊಂಡರೆ ಮುಂದೆ ಹೊರಗೆ ಬರುವುದಿಲ್ಲ, ಮುರಿದು ಎಂಜಿನ್ನಿನೊಳಗೆ ಬಿದ್ದರೆ ಕಥೆ ಮುಗಿಯಿತು. ಗಣೇಶಚಂದ್ರ ಅವೆನ್ಯೂವಿನ ಬಿಡಿಭಾಗದ ಅಂಗಡಿಯಲ್ಲಿ ಪಾರ್ಟ್ ನಂಬರ್ ತಾಳೆ ನೋಡಿ, ಬಿಲ್ಲು ಪಡೆದು ತಂದೆ.

ಬಿಚ್ಚುವ ಕೆಲಸಕ್ಕೆ ತೋಳಿನ ಬಲ ಬೇಡ, ತಾಳ್ಮೆ ಬೇಕು. ಹಿಂದಿನ ರಾತ್ರಿಯೇ ಪ್ಲಗ್‌ಗಳ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಮರುದಿನ ಎಂಜಿನ್ನನ್ನು ಬೆಚ್ಚಗೆ ಮಾಡಿ ನಿಲ್ಲಿಸಿ, ಬ್ಯಾಟರಿ ತಂತಿ ಕಳಚಿ, ಸುತ್ತಲಿನ ದೂಳು ಒರೆಸಿ, ಉದ್ದನೆಯ ಸಾಕೆಟ್‌ನಿಂದ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ತಿರುಗಿಸುತ್ತಾ ಸಡಿಲ ಮಾಡಿದೆ. ಹೊಸ ಪ್ಲಗ್‌ನ ಮರೆ ಮೊದಲ ಕೆಲವು ಸುತ್ತು ಕೈಯಲ್ಲೇ ಕೂರಬೇಕು. ಕೈಯಲ್ಲಿ ಕೂರದಿದ್ದರೆ ಅಡ್ಡ ಹೋಗಿದೆ ಎಂದರ್ಥ. ಕೊನೆಯ ಬಿಗಿತಕ್ಕೆ ಪಕ್ಕದ ಫ್ಲ್ಯಾಟಿನ ಎಂಜಿನಿಯರ್ ಹುಡುಗನಿಂದ ಟಾರ್ಕ್ ರೆಂಚ್ ಎರವಲು ತಂದೆ. 10 ಮಿಲಿಮೀಟರ್ ಮರೆಯ ಪ್ಲಗ್‌ಗೆ ಸಾಮಾನ್ಯವಾಗಿ 15 ನ್ಯೂಟನ್ ಮೀಟರ್‌ನ ಆಸುಪಾಸು ಸಾಕು. ನಿಮ್ಮ ಗಾಡಿಯ ಅಂಕಿಯನ್ನು ಪ್ಲಗ್‌ನ ಡಬ್ಬಿಯ ಮೇಲೋ ಕೈಪಿಡಿಯಲ್ಲೋ ನೋಡಿಕೊಳ್ಳಿ.

ಎರಡು ಎಚ್ಚರಿಕೆ. ಮೊದಲನೆಯದು, ಪ್ಲಗ್ ಅಲುಗಾಡದಿದ್ದರೆ ಅಲ್ಲಿಗೇ ನಿಲ್ಲಿಸಿ. ಜೋರು ಮಾಡಿ ಮುರಿದರೆ ಸಿಲಿಂಡರ್ ಹೆಡ್ ಇಳಿಸಬೇಕಾಗಬಹುದು, ಆ ಬಿಲ್ಲು ಹತ್ತು ಸಾವಿರಕ್ಕಿಂತ ಕೆಳಗೆ ಬರುವುದಿಲ್ಲ. ಅಂಥದ್ದನ್ನು ಆರುನೂರು ರೂಪಾಯಿ ಕೊಟ್ಟು ಅನುಭವಿ ಕೈಗೆ ಒಪ್ಪಿಸುವುದೇ ಉಳಿತಾಯ. ಎರಡನೆಯದು, ಹೊಸ ಕಾಲದ ಕೆಲವು ಡೀಸೆಲ್ ಗಾಡಿಗಳ ಪ್ಲಗ್ ಐದು ಅಥವಾ ಏಳು ವೋಲ್ಟಿನವು. ಅವನ್ನು ಪರೀಕ್ಷಿಸಲೆಂದು ನೇರ ಬ್ಯಾಟರಿಗೆ ಹಿಡಿದರೆ ಕ್ಷಣದಲ್ಲಿ ಸುಡುತ್ತವೆ.

ಲೆಕ್ಕ

ನಾಲ್ಕು ಪ್ಲಗ್‌ಗೆ 1,800, ಮೀಟರ್ 450, ಉದ್ದನೆಯ ಸಾಕೆಟ್ 250, ಸ್ಪ್ರೇ 300. ಒಟ್ಟು 2,800 ರೂಪಾಯಿ. ಅದೇ ಪ್ಲಗ್‌ಗಳನ್ನು ಮಿಸ್ತ್ರಿಗೆ ಕೊಟ್ಟು ಹಾಕಿಸಿದ್ದರೆ 600 ಕೂಲಿ ಸೇರಿ 2,400 ಆಗುತ್ತಿತ್ತು. ಅಂದರೆ ಸ್ವಂತ ಕೈಯಿಂದ ಮಾಡಿದ್ದಕ್ಕೆ 400 ರೂಪಾಯಿ ಹೆಚ್ಚೇ ಹೋಯಿತು. ಉಳಿದದ್ದು ಬೇರೆ ಕಡೆ: 14,000ದ ಅಂದಾಜು 2,800ಕ್ಕೆ ಇಳಿಯಿತು. ಬ್ಯಾಟರಿ ಎಂದಾದರೊಂದು ದಿನ ಬದಲಿಸಲೇಬೇಕು, ಆದ್ದರಿಂದ 11,200 ಪೂರ್ತಿ ಲಾಭ ಎಂದು ಬರೆದುಕೊಳ್ಳುವುದಿಲ್ಲ. ಆದರೂ ಆ ಲಾಭ ತಂದದ್ದು 450 ರೂಪಾಯಿಯ ಮೀಟರ್, ಸ್ಪ್ಯಾನರ್ ಅಲ್ಲ.

ಹಳೆಯ ಗಾಡಿಗೆ ಇನ್ನೊಂದು ಅಳತೆಯೂ ಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷದ ನವೀಕರಣ. ಅದರ ಶುಲ್ಕ 2022ರ ಏಪ್ರಿಲ್ 1ರಿಂದ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರಿಗೆ 10,000. ಬೇಲ್ತಲಾದ ಸಾರಿಗೆ ಕಚೇರಿಯಲ್ಲಿ ಪಡೆದ ನನ್ನ ನವೀಕರಣ 2028ರವರೆಗೆ. ಕಲ್ಕತ್ತ ಹೈಕೋರ್ಟ್ 2008ರಲ್ಲೇ 15 ವರ್ಷ ದಾಟಿದ ವಾಣಿಜ್ಯ ವಾಹನಗಳನ್ನು ನಗರದಿಂದ ಹೊರಹಾಕಲು ಹೇಳಿತ್ತು. 2022ರ ಜುಲೈಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೋಲ್ಕತ್ತ ಮತ್ತು ಹೌರಾದ ಹಳೆಯ ಗಾಡಿಗಳ ಮೇಲೆ ಇನ್ನಷ್ಟು ಕಟ್ಟುನಿಟ್ಟಾಯಿತು. ಹಾಗಾಗಿ ಪ್ರತಿ ದುರಸ್ತಿಯ ಮೊತ್ತವನ್ನೂ ಉಳಿದಿರುವ ತಿಂಗಳುಗಳಿಂದ ಭಾಗಿಸುತ್ತೇನೆ. ಮೂವತ್ತು ತಿಂಗಳು ಎಂದಿಟ್ಟುಕೊಂಡರೆ 14,000 ಎಂದರೆ ತಿಂಗಳಿಗೆ 467 ರೂಪಾಯಿ, 2,800 ಎಂದರೆ 93. ಮೊದಲನೆಯದಕ್ಕೆ ಯೋಚಿಸಬೇಕು, ಎರಡನೆಯದಕ್ಕೆ ಯೋಚನೆಯೇ ಬೇಡ.

ಬೀದರ್, ಮಡಿಕೇರಿ, ಚಿಕ್ಕಮಗಳೂರಿನ ಕಡೆ ಹಳೆಯ ಡೀಸೆಲ್ ಜೀಪು, ಕಾರು ಇಟ್ಟುಕೊಂಡವರು ದೀಪಾವಳಿ ಮುಗಿದ ವಾರವೇ ಒಮ್ಮೆ ಮೀಟರ್ ಹಿಡಿದು ನೋಡಿ. ಚಳಿ ಬರುವ ಮೊದಲು ಗೊತ್ತಾದರೆ ಸಾಮಾನು ಕೊಳ್ಳಲು ಸಮಯವಿರುತ್ತದೆ, ಚೌಕಾಶಿಗೆ ಬಾಯಿಯೂ ಇರುತ್ತದೆ. ಕೆಲಸವನ್ನು ಬೇಕಾದರೆ ಮೆಕ್ಯಾನಿಕ್ ಕೈಲೇ ಮಾಡಿಸಿ. ಯಾವ ಭಾಗ ಕೆಟ್ಟಿದೆ ಎಂದು ಅಂಕಿ ಹೇಳುವ ತನಕ ಮಾತ್ರ ದುಡ್ಡು ಬಿಚ್ಚಬೇಡಿ.