ಉಣುಗಿಗೆ ಮೈಯೊಡ್ಡಿದವರು

ದನಗಳ ಮೈಗೆ ಕಚ್ಚಿಕೊಳ್ಳುವ ಉಣುಗನ್ನು ನಾವೆಲ್ಲ ಬಲ್ಲೆವು. ಅದನ್ನು ತಾವಾಗಿಯೇ ಮೈಮೇಲೆ ಬಿಟ್ಟುಕೊಳ್ಳಲು ಯಾರು ಒಪ್ಪಿಯಾರು? ಅಮೆರಿಕದಲ್ಲಿ ಕೆಲವರು ಒಪ್ಪಿದರು.

ಅಲ್ಲಿ ಉಣುಗಿನಿಂದ ಲೈಮ್ ರೋಗ ಹರಡುತ್ತದೆ. ಚಿಕಿತ್ಸೆಯ ಬಳಿಕವೂ ಕೆಲವರಿಗೆ ನೋವು, ಆಯಾಸ ತಿಂಗಳುಗಟ್ಟಲೆ ಉಳಿಯುತ್ತವೆ. ರೋಗಾಣು ಇನ್ನೂ ದೇಹದಲ್ಲಿದೆಯೇ? ಇದನ್ನು ತಿಳಿಯಲು ಸಂಶೋಧಕರು ಸ್ವಯಂಸೇವಕರನ್ನು ಕರೆದರು. ಪ್ರಯೋಗಾಲಯದಲ್ಲಿ ಬೆಳೆಸಿದ, ರೋಗಾಣುವಿಲ್ಲದ ಉಣುಗಿನ ಮರಿಗಳನ್ನು ಅವರ ಚರ್ಮದ ಮೇಲಿರಿಸಿ, ರಕ್ತ ಹೀರಿದ ನಂತರ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಈ ಅಧ್ಯಯನಕ್ಕೆ ಸೇರಿದವರು 36 ಮಂದಿ. ಇಬ್ಬರಿಂದ ತೆಗೆದ ಉಣುಗುಗಳಲ್ಲಿ ರೋಗಾಣುವಿನ ಕುರುಹು ಸಿಕ್ಕಿತು. ಜೀವಂತ ರೋಗಾಣು ಸಿಗಲಿಲ್ಲ.

ಹೋಲಿಕೆಗಾಗಿ ಆರೋಗ್ಯವಂತರೂ ಸೇರಿದ್ದರು. ರೋಗವೇ ಇಲ್ಲದ ಅವರು ಮೈಯೊಡ್ಡಿದ್ದು ಪರರಿಗಾಗಿ.

ಆದರೆ ಇಂಥ ತ್ಯಾಗವನ್ನು ಬಲವಂತದಿಂದ ಪಡೆಯಬಾರದು. 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ನಿಯಮವೇ ಸ್ವಂತ ಒಪ್ಪಿಗೆ. ಆದ್ದರಿಂದ, ನಮ್ಮ ಮನೆಯವರನ್ನು ಯಾರಾದರೂ ವೈದ್ಯಕೀಯ ಪ್ರಯೋಗಕ್ಕೆ ಕರೆದರೆ, ಸಹಿ ಹಾಕುವ ಮುನ್ನ ಕೇಳೋಣ:

1. ಇದರ ಉದ್ದೇಶವೇನು, ಅಪಾಯವೇನು?
2. ತೊಂದರೆಯಾದರೆ ಹೊಣೆ ಯಾರದು?
3. ನಡುವೆ ಬಿಟ್ಟುಬರಬಹುದೇ?

ಉತ್ತರ ತಿಳಿದು ಕೊಟ್ಟ ಒಪ್ಪಿಗೆಯೇ ನಿಜವಾದ ದಾನ. ಬಡತನಕ್ಕೋ ದಾಕ್ಷಿಣ್ಯಕ್ಕೋ ಮಣಿದು ಹಾಕಿದ ಸಹಿ ದಾನವಾದೀತೇ? ಮನೆಮಂದಿ ಕುಳಿತು ಚರ್ಚಿಸಿರಿ.