ಮೊದಲು ಗೊತ್ತಾದವರೇ ರೋಗದ ಮೂಲವೆ?

ಗರ್ಭಿಣಿಯ ಆರಂಭದ ತಪಾಸಣೆಯಲ್ಲಿಯೇ ಎಚ್‌ಐವಿ ಮತ್ತು ಸಿಫಿಲಿಸ್‌ಗಳ ರಕ್ತಪರೀಕ್ಷೆ ನಡೆಯುತ್ತದೆ. ಆದಕಾರಣ ಅನೇಕ ಮನೆಗಳಲ್ಲಿ ಇಂತಹ ಸೋಂಕು ಮೊದಲು ಬೆಳಕಿಗೆ ಬರುವುದು ಸೊಸೆಯಲ್ಲಿ. ಗಂಡನು ಅದುವರೆಗೆ ಪರೀಕ್ಷೆಗೆ ಒಳಗಾಗಿಯೇ ಇರುವುದಿಲ್ಲ. ಆದರೂ ಮನೆಗೆ ರೋಗ ತಂದವಳು ಅವಳೇ ಎಂದು ಹಿರಿಯರು ತೀರ್ಮಾನಿಸಿಬಿಡುತ್ತಾರೆ. ಆಕೆಯನ್ನು ತವರಿಗೆ ಅಟ್ಟುವುದೂ ಉಂಟು. ಮೊದಲು ಪರೀಕ್ಷೆಯಾದವರಿಗೇ ಮೊದಲು ಸೋಂಕು ತಗುಲಿರಬೇಕೆಂಬ ನಿಯಮವೇನೂ ಇಲ್ಲವೆಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವೆಂಬ ವಿಚಾರವಿದೆ. ಬೇರೆ ಬೇರೆ ಪ್ರಕೃತಿಯ ಜನರು ಒಂದೇ ಕಾಲಕ್ಕೆ ಒಂದೇ ವ್ಯಾಧಿಗೆ ತುತ್ತಾಗುವುದೇಕೆ? ಎಲ್ಲರಿಗೂ ಸಮಾನವಾದ ವಾಯು, ಜಲ, ದೇಶ, ಕಾಲಗಳನ್ನು ಪರೀಕ್ಷಿಸಬೇಕೆಂಬುದು ಅಲ್ಲಿಯ ಉತ್ತರ. ಲೈಂಗಿಕ ಸೋಂಕು ಗಾಳಿ ನೀರಿನಿಂದ ಹರಡುವುದಿಲ್ಲ. ಆದರೆ ಆ ನೋಟದ ಕ್ರಮ ಇಲ್ಲಿಗೂ ಸಲ್ಲುತ್ತದೆ. ಮಳೆ ಕೈಕೊಟ್ಟರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ದುಡಿಯುವ ಜನ ಸೊಲ್ಲಾಪುರ, ಪುಣೆ, ಮುಂಬಯಿ, ಗೋವೆಗಳಿಗೆ ಗುಳೆ ಹೋಗುತ್ತಾರೆ. ತಿಂಗಳುಗಟ್ಟಲೆ ಸಂಸಾರದಿಂದ ದೂರ, ಗುತ್ತಿಗೆದಾರನ ತಗಡಿನ ಶೆಡ್ಡಿನ ವಾಸ, ಜೊತೆಗೆ ಕುಡಿತ. ಅತ್ತ ಊರುಗಳಲ್ಲಿ, 1982ರ ಕಾಯ್ದೆಯಿಂದ ನಿಷಿದ್ಧವಾದ ಮೇಲೂ, ದೇವದಾಸಿ ಪದ್ಧತಿ ಹಲವು ಬಡ ಹೆಣ್ಣುಮಕ್ಕಳನ್ನು ಬಲಿ ತೆಗೆದುಕೊಂಡಿತು. ಇವೆಲ್ಲವೂ ಒಂದಕ್ಕೊಂದು ಹೆಣೆದುಕೊಂಡ ಸಂಗತಿಗಳು.

ಆ ಹೆಣಿಗೆಯ ಫಲವನ್ನು ನಮ್ಮ ಸೀಮೆ ಉಂಡಿದೆ. ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆಯು ವಯಸ್ಕರಲ್ಲಿ ಶೇ. 2.9ರಷ್ಟು ಎಚ್‌ಐವಿ ಸೋಂಕನ್ನು ಕಂಡಿತು. ಅದು ಪಟ್ಟಣದ ಕಾಯಿಲೆಯೆಂಬ ನಂಬಿಕೆ ಅಲ್ಲಿಗೆ ಮುರಿಯಿತು. ಮುಂದೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮುಂತಾದ ಸಂಸ್ಥೆಗಳು ಉತ್ತರ ಕರ್ನಾಟಕದಲ್ಲಿ ಕೆಲಸ ಮಾಡಿದಾಗ ಬರಿಯ ಉಪದೇಶವನ್ನು ನೆಚ್ಚಲಿಲ್ಲ. ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರು ಸಂಘ ಕಟ್ಟಿಕೊಂಡರು. ಚಿಕಿತ್ಸೆ, ನಿರೋಧ, ಪೊಲೀಸರ ಕಿರುಕುಳದಿಂದ ರಕ್ಷಣೆ, ಇವೆಲ್ಲ ಒಟ್ಟಿಗೆ ಸಾಗಿದವು. ರಾಜ್ಯದ ಗರ್ಭಿಣಿಯರಲ್ಲಿ ಎಚ್‌ಐವಿ ಪ್ರಮಾಣ ಆ ಬಳಿಕದ ವರ್ಷಗಳಲ್ಲಿ ಬಹುವಾಗಿ ಇಳಿದಿದೆ.

ಮನೆಯೊಳಗೂ ಇಂತಹುದೇ ಒಂದು ಚಕ್ರವಿದೆ. ಹುಣ್ಣೋ ಉರಿಮೂತ್ರವೋ ಕಂಡ ಗಂಡಸು ಗುಟ್ಟಾಗಿ ಔಷಧದ ಅಂಗಡಿಯಲ್ಲಿ ನಾಲ್ಕು ಮಾತ್ರೆ ಕೊಳ್ಳುತ್ತಾನೆ. ಕಡಿಮೆಯಾದಂತೆ ತೋರುತ್ತದೆ. ಮಡದಿಗೆ ಚಿಕಿತ್ಸೆಯೇ ಇಲ್ಲ. ಸ್ತ್ರೀಯರಲ್ಲಿ ಗೊನೊರಿಯಾದಂತಹ ಸೋಂಕುಗಳು ಹಲವು ಸಲ ಲಕ್ಷಣವನ್ನೇ ತೋರುವುದಿಲ್ಲ. ಪುನಃ ಅವಳಿಂದ ಅವನಿಗೆ. ಸಿಫಿಲಿಸ್ ಇನ್ನೂ ಮೋಸದ್ದು: ನೋವಿಲ್ಲದ ಹುಣ್ಣು ತಾನಾಗಿಯೇ ಮಾಯುತ್ತದೆ, ರೋಗ ಒಳಗೆ ಉಳಿಯುತ್ತದೆ, ಗರ್ಭದ ಶಿಶುವಿನ ಪ್ರಾಣಕ್ಕೇ ಎರವಾಗಬಹುದು. 16ನೆಯ ಶತಮಾನದ ಭಾವಮಿಶ್ರರು ತಮ್ಮ ಭಾವಪ್ರಕಾಶದಲ್ಲಿ ಇದನ್ನು ಫಿರಂಗರೋಗವೆಂದು ಕರೆದರು. ಆಯುರ್ವೇದದ ವೈದ್ಯನಾಗಿಯೇ ಹೇಳುತ್ತೇನೆ, ಇದಕ್ಕೆ ಇಂದಿನ ಮದ್ದು ಪೆನಿಸಿಲಿನ್ ಚುಚ್ಚುಮದ್ದು. ಗೋಡೆಗಳ ಮೇಲೆ ‘ಗುಪ್ತರೋಗ ಗ್ಯಾರಂಟಿ’ ಎಂದು ಬರೆಸುವವರ ಬಳಿ ಕಾಲಹರಣ ಮಾಡಬಾರದು. ನಿದಾನ ಪರಿವರ್ಜನೆ, ಎಂದರೆ ಕಾರಣವನ್ನು ದೂರವಿಡುವುದು, ನಮ್ಮ ಶಾಸ್ತ್ರದ ಮೊದಲ ಚಿಕಿತ್ಸೆ. ಒಬ್ಬರಿಗಷ್ಟೇ ಮದ್ದು ಕೊಟ್ಟರೆ ಇಲ್ಲಿ ಕಾರಣವು ಮನೆಯಲ್ಲಿಯೇ ಉಳಿಯುತ್ತದೆ.

ಆದುದರಿಂದ ಸದ್ಭಕ್ತರಲ್ಲಿ ಒಂದು ವಿನಂತಿ. ಸೊಸೆಯ ವರದಿಯಲ್ಲಿ ಸೋಂಕು ಕಂಡರೆ ಮಗನನ್ನೂ ಅದೇ ವಾರ ಪರೀಕ್ಷೆಗೆ ಕಳುಹಿಸಿರಿ. ಅವನ ಎಚ್‌ಐವಿ ವರದಿ ನೆಗೆಟಿವ್ ಬಂದರೂ ಮೂರು ತಿಂಗಳ ನಂತರ ಮತ್ತೊಮ್ಮೆ ಆಗಲಿ. ಅದುವರೆಗೆ ನಿರೋಧ ಬೇಕೇಬೇಕು. ತಾಯಿಗೆ ಎಚ್‌ಐವಿ ಇದ್ದರೂ ಸಕಾಲದಲ್ಲಿ ಔಷಧ ಆರಂಭಿಸಿದರೆ ಮಗುವಿಗೆ ತಗುಲುವ ಸಂಭವ ತೀರ ಕಡಿಮೆ. ಸರಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಉಚಿತ. ಒಪ್ಪಿಗೆಯಿಲ್ಲದೆ ಎಚ್‌ಐವಿ ವರದಿಯನ್ನು ಬಹಿರಂಗಪಡಿಸುವುದನ್ನು 2017ರ ಕಾಯ್ದೆ ತಡೆಯುತ್ತದೆ. ಎದುರಿಗೆ ಬಂದು ಕೇಳಲು ಸಂಕೋಚವಾದರೆ 1097ಕ್ಕೆ ಕರೆ ಮಾಡಿರಿ. ಅದು ಉಚಿತ ಸಹಾಯವಾಣಿ.